ಹಾಯಿದೋಣಿ, ಸೆಳವು ಮತ್ತು ತೆರೆ

ನಮ್ಮ ಊರು ನಿಡೋಣಿ. ವಿಜಯಪುರ ಜಿಲ್ಲೆಯ ಊರು. ಊರ ಹೆಸರಿನಲ್ಲಿ ಡೋಣಿ ಇದೆ. ಆದರೆ ಊರಲ್ಲಿ ಒಂದೂ ದೋಣಿ ಇಲ್ಲ!

ಓದು ಬರಹ ಕಲಿಯುವಾಗ ಈ ಎರಡು ಮಾತನ್ನು ನಾವು ಹಲಗೆಯ ಮೇಲೆ ಬರೆದು ನೋಡಿದೆವು. ಒಂದಕ್ಕೆ ‘ಡ’. ಇನ್ನೊಂದಕ್ಕೆ ‘ದ’. ಡೋಣಿ ಎಂದರೆ ನಮ್ಮ ಜಿಲ್ಲೆಯ ಹೊಳೆ. ದೋಣಿ ಎಂದರೆ ನೀರಿನ ಮೇಲೆ ಹೋಗುವ ನಾವೆ. ಒಂದು ಅಕ್ಷರ ಬದಲಾದರೆ ಅರ್ಥವೇ ಬದಲು.

ನಮ್ಮದು ಜೋಳದ ನಾಡು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎನ್ನುವ ಮಾತು ನಮ್ಮ ಕಡೆಯದು. ದೋಣಿ ಹತ್ತುವ ಪ್ರಸಂಗ ನಮಗೆ ಬರುವುದೇ ಅಪರೂಪ. ಒಮ್ಮೆ ಬಂತು. ಆ ದಿನ ನಾವು ಅಂಬಿಗನ ಜೊತೆ ಜಗಳ ಆಡಿದೆವು. ತಪ್ಪು ನಮ್ಮದೇ ಆಗಿತ್ತು. ಆ ತಪ್ಪಿನಿಂದ ಏನು ಕಲಿತೆವು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಅಂಬಿಗನ ಜೊತೆ ಜಗಳ

ಕೃಷ್ಣಾ ಹೊಳೆಯ ಆಚೆ ದಂಡೆಯ ಊರಲ್ಲಿ ಒಂದು ಕುಬಸದ ಕಾರ್ಯ ಇತ್ತು. ನಾವು ಎಂಟು ಮಂದಿ ಹೆಂಗಸರು ಹೊರಟೆವು. ಮಳೆಗಾಲ ಮುಗಿಯುತ್ತ ಬಂದಿತ್ತು. ಹೊಳೆಯಲ್ಲಿ ಇನ್ನೂ ಸೆಳವು ಇತ್ತು.

ದೋಣಿ ಹತ್ತಿ ಕುಳಿತೆವು. ನಾವು ಹೋಗಬೇಕಾದ ಊರು ಎದುರಿಗೇ ಕಾಣುತ್ತಿತ್ತು. ಆದರೆ ಅಂಬಿಗ ಅತ್ತ ಹೋಗಲಿಲ್ಲ. ಈಚೆ ದಂಡೆಯ ಗುಂಟ ಮೇಲಕ್ಕೆ ಹುಟ್ಟು ಹಾಕುತ್ತ ಹೊರಟ.

ನಮ್ಮಲ್ಲಿ ಒಬ್ಬಾಕೆಗೆ ಸಿಟ್ಟು ಬಂತು.

“ಯಾಕ್ರಿ ಕಾಕಾ, ಊರು ಅಲ್ಲೈತಿ. ನೀವು ಇಲ್ಲಿ ಯಾಕ ಸುತ್ತು ಹಾಕಸ್ತೀರಿ? ಹೆಚ್ಚಿಗಿ ರೊಕ್ಕ ಕೇಳಾಕೇನು?”

ಅಂಬಿಗ ನಕ್ಕ. “ಸ್ವಲ್ಪ ತಡಿ ತಂಗಿ. ಹೊಳಿ ನಮ್ಮನ್ನ ತಾನಾ ಕೆಳಗ ಒಯ್ಯತೈತಿ. ಅದರ ಲೆಕ್ಕ ನಾ ಮೊದಲಾ ಹಾಕಬೇಕು” ಎಂದ.

ಸಾಕಷ್ಟು ಮೇಲೆ ಹೋದ ಮೇಲೆ ದೋಣಿಯ ಮೂತಿಯನ್ನು ಆಚೆ ದಂಡೆಗೆ ತಿರುಗಿಸಿದ. ದೋಣಿ ಓರೆಯಾಗಿ ಸರಿಯುತ್ತ ಹೋಯಿತು. ಸರಿಯಾಗಿ ಆ ಊರ ಮೆಟ್ಟಿಲ ಹತ್ತಿರವೇ ನಿಂತಿತು. ಜಗಳ ಆಡಿದಾಕೆ ಮಾತಾಡಲಿಲ್ಲ.

ಸಂಜೆ ಮತ್ತೊಂದು ಆಯಿತು. ಮೂಡಣದಲ್ಲಿ ಮೋಡ ಎದ್ದಿತ್ತು. ಗಾಳಿ ಬೀಸತೊಡಗಿತು. ಅಂಬಿಗ ದೋಣಿಯನ್ನು ದಂಡೆಗೆ ಎಳೆದು ಕಟ್ಟಿಬಿಟ್ಟ.

“ನೀರು ಮೂಡಲಕ್ಕ ಹೊಂಟೈತಿ. ಗಾಳಿ ಮೂಡಲದಿಂದ ಬರಾಕತ್ತೈತಿ. ಎರಡೂ ಎದುರಾಬದರಾ ನಿಂತಾವು. ಇವತ್ತ ದಾಟೂದು ಬ್ಯಾಡ ಯವ್ವಾ” ಎಂದ.

ನಮ್ಮಲ್ಲಿ ಒಬ್ಬಾಕೆ ಮೊಲೆ ಕುಡಿಯುವ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಆಕೆ ಅತ್ತಳು. ಹೆಚ್ಚಿಗೆ ರೊಕ್ಕ ಕೊಡುತ್ತೇವೆ ಎಂದೆವು. ಅಂಬಿಗ ಒಪ್ಪಲಿಲ್ಲ. ಆ ರಾತ್ರಿ ಬೀಗರ ಮನೆಯಲ್ಲೇ ಉಳಿದೆವು. ಮುಂಜಾನೆ ಗಾಳಿ ನಿಂತಿತ್ತು. ಎಂಟೂ ಮಂದಿ ಸುಖವಾಗಿ ದಾಟಿ ಮನೆ ಮುಟ್ಟಿದೆವು.

ಅಂಬಿಗ ಎರಡು ಸಲ ನಮ್ಮ ಮಾತು ಕೇಳಲಿಲ್ಲ. ಎರಡೂ ಸಲ ಅವನೇ ಸರಿ. ಹೇಗೆ? ನೋಡೋಣ ಬನ್ನಿ.

ಸೆಳವು ಎಂದರೇನು?

ಸೆಳವು ಎಂದರೆ ನೀರೇ ಹರಿದು ಹೋಗುವುದು. ದೋಣಿ ನಿಂತಿರುವುದು ನೆಲದ ಮೇಲೆ ಅಲ್ಲ, ನೀರಿನ ಮೇಲೆ. ನೀರು ಸರಿದರೆ ದೋಣಿಯೂ ಸರಿಯುತ್ತದೆ.

ಓಡುವ ಚಕ್ಕಡಿಯ ಮೇಲೆ ಒಂದು ಇರುವೆ ನಡೆದಿದೆ ಎಂದುಕೊಳ್ಳಿರಿ. ಇರುವೆ ಎತ್ತಿನ ಕಡೆ ನಡೆದರೆ ಚಕ್ಕಡಿಯ ಓಟವೂ ಇರುವೆಯ ನಡಿಗೆಯೂ ಕೂಡುತ್ತವೆ. ಇರುವೆ ಹಿಂದಕ್ಕೆ ನಡೆದರೆ? ಅದು ಹಿಂದೆ ನಡೆದರೂ ಚಕ್ಕಡಿ ಅದನ್ನು ಮುಂದಕ್ಕೇ ಒಯ್ಯುತ್ತದೆ. ಇರುವೆ ಎಂದರೆ ದೋಣಿ. ಚಕ್ಕಡಿ ಎಂದರೆ ಹೊಳೆ.

ಆದ್ದರಿಂದ ದೋಣಿಗೆ ಎರಡು ವೇಗ ಇರುತ್ತವೆ. ಒಂದು, ನೀರಿನ ಲೆಕ್ಕದ ವೇಗ. ಇನ್ನೊಂದು, ನೆಲದ ಲೆಕ್ಕದ ವೇಗ. ನಮ್ಮನ್ನು ಊರು ಮುಟ್ಟಿಸುವುದು ನೆಲದ ಲೆಕ್ಕದ ವೇಗ.

ಒಂದು ಸಣ್ಣ ಲೆಕ್ಕ

ನಿಂತ ನೀರಿನಲ್ಲಿ ಒಂದು ದೋಣಿ ಗಂಟೆಗೆ 6 ಕಿ.ಮೀ. ಹೋಗುತ್ತದೆ ಎಂದುಕೊಳ್ಳಿರಿ. ಹೊಳೆಯ ಸೆಳವು ಗಂಟೆಗೆ 2 ಕಿ.ಮೀ.

ಸೆಳವಿನ ಜೊತೆ ಹೋದರೆ: 6 + 2 = 8 ಕಿ.ಮೀ.
ಸೆಳವಿನ ಎದುರು ಹೋದರೆ: 6 – 2 = 4 ಕಿ.ಮೀ.

ಈಗ 12 ಕಿ.ಮೀ. ದೂರದ ಊರಿಗೆ ಹೋಗಿ ಬರಬೇಕು. ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದು ನಮಗೆ ಅನಿಸಿತ್ತು. ಕೂಡಿಸಿ ನೋಡಿದೆವು.

ನಿಂತ ನೀರಿನಲ್ಲಿ ಹೋಗಲು 2 ಗಂಟೆ, ಬರಲು 2 ಗಂಟೆ. ಒಟ್ಟು 4 ಗಂಟೆ.
ಹರಿಯುವ ಹೊಳೆಯಲ್ಲಿ ಹೋಗಲು ಒಂದೂವರೆ ಗಂಟೆ, ಬರಲು 3 ಗಂಟೆ. ಒಟ್ಟು ನಾಲ್ಕೂವರೆ ಗಂಟೆ.

ಹೋಗುವಾಗ ಅರ್ಧ ಗಂಟೆ ಉಳಿಯಿತು. ಬರುವಾಗ ಒಂದು ಗಂಟೆ ಹೋಯಿತು. ಲಾಭಕ್ಕಿಂತ ನಷ್ಟವೇ ಹೆಚ್ಚು! ಯಾಕೆಂದರೆ ಎದುರು ಸೆಳವಿನಲ್ಲಿ ದೋಣಿ ಮೆಲ್ಲಗೆ ಹೋಗುತ್ತದೆ. ಮೆಲ್ಲಗೆ ಹೋದಷ್ಟೂ ಹೆಚ್ಚು ಹೊತ್ತು ಸೆಳವಿನ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ.

ಸೆಳವು ಗಂಟೆಗೆ 6 ಕಿ.ಮೀ. ಆಯಿತು ಎನ್ನಿರಿ. 6 – 6 = 0. ಅಂಬಿಗ ಬೆವರು ಸುರಿಸಿ ಹುಟ್ಟು ಹಾಕಿದರೂ ದೋಣಿ ಇದ್ದಲ್ಲಿಯೇ ಇರುತ್ತದೆ. ಸೆಳವು ಇನ್ನೂ ಹೆಚ್ಚಾದರೆ ದೋಣಿ ಹಿಂದಕ್ಕೇ ಹೋಗುತ್ತದೆ. ತುಂಬಿದ ಹೊಳೆಗೆ ದೋಣಿ ಇಳಿಸಬಾರದು ಎನ್ನುವುದು ಇದಕ್ಕೇ.

ದಾಟುವಾಗ ಆಗುವುದು

ಅಂಬಿಗ ಯಾಕೆ ಮೇಲಕ್ಕೆ ಹೋದ? ಅದಕ್ಕೂ ಲೆಕ್ಕ ಇದೆ.

ಹೊಳೆಯ ಅಗಲ 300 ಮೀಟರು ಎನ್ನಿರಿ. ದಾಟಲು 6 ನಿಮಿಷ ಬೇಕು. ಸೆಳವು ಗಂಟೆಗೆ 2 ಕಿ.ಮೀ., ಅಂದರೆ 60 ನಿಮಿಷಕ್ಕೆ 2,000 ಮೀಟರು. 6 ನಿಮಿಷಕ್ಕೆ 200 ಮೀಟರು. ಮೂತಿಯನ್ನು ನೇರ ಆಚೆಗೆ ಇಟ್ಟು ಹೊರಟರೆ ದೋಣಿ ಮುಟ್ಟುವುದು 200 ಮೀಟರು ಕೆಳಗೆ. ಅಲ್ಲಿ ಕಲ್ಲುಬಂಡೆ ಇರಬಹುದು, ಕೆಸರು ಇರಬಹುದು.

ಅದಕ್ಕೇ ಅಂಬಿಗ ಅಷ್ಟು ದೂರ ಮೊದಲೇ ಮೇಲೆ ಹೋದ. ದಂಡೆಯ ಗುಂಟ ಯಾಕೆ ಹೋದ? ದಂಡೆಯ ಹತ್ತಿರ ನೀರು ನೆಲಕ್ಕೆ ತಿಕ್ಕುತ್ತ ಹರಿಯುತ್ತದೆ. ಅಲ್ಲಿ ಸೆಳವು ಕಡಿಮೆ. ನಡುಹೊಳೆಯಲ್ಲಿ ಸೆಳವು ಜೋರು. ಶಾಲೆ ಕಲಿಯದ ಅಂಬಿಗನಿಗೆ ಈ ಲೆಕ್ಕ ಕೈಯಲ್ಲೇ ಇತ್ತು. ಲೆಕ್ಕ ಕಲಿತ ನಾವು ಅವನಿಗೆ ಮೋಸಗಾರ ಎಂದೆವು!

ಹಾಯಿ ಕಟ್ಟಿದ ದೋಣಿ

ಹೊಳೆಯ ದೋಣಿಗೆ ಹುಟ್ಟು ಸಾಕು. ಕಡಲು ದೊಡ್ಡದು. ಅಲ್ಲಿ ತಿಂಗಳುಗಟ್ಟಲೆ ಹುಟ್ಟು ಹಾಕಲು ಯಾರಿಂದಾದೀತು? ಅದಕ್ಕೆ ಗಾಳಿಯನ್ನು ದುಡಿಸುತ್ತಾರೆ. ದೋಣಿಯ ನಡುವೆ ಕಂಬ ನೆಟ್ಟು ದೊಡ್ಡ ಬಟ್ಟೆ ಕಟ್ಟುತ್ತಾರೆ. ಅದೇ ಹಾಯಿ. ರಾಶಿ ತೂರುವಾಗ ಗಾಳಿ ಹೊಟ್ಟನ್ನು ದೂಡುತ್ತದೆ ಅಲ್ಲವೇ? ಹಾಗೆ ಗಾಳಿ ಹಾಯಿಯನ್ನು ದೂಡುತ್ತದೆ.

ಗಾಳಿ ಹಿಂದಿನಿಂದ ಬಂದರೆ ದೋಣಿ ಹೋಗುತ್ತದೆ. ಮಗ್ಗುಲಿನಿಂದ ಬಂದರೂ ಹೋಗುತ್ತದೆ. ಗಾಳಿಯ ಎದುರಿಗೆ ಮಾತ್ರ ನೆಟ್ಟಗೆ ಹೋಗಲಾಗದು. ಆಗ ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ ಹೋಗುತ್ತ ಮುಂದೆ ಸಾಗಬೇಕು. ಘಟ್ಟದ ರಸ್ತೆ ಸುತ್ತಿ ಸುತ್ತಿ ಏರಿದ ಹಾಗೆ.

ಹಾಯಿ ಹಡಗು ನಮ್ಮ ವಿಜಯಪುರಕ್ಕೂ ದೂರದ್ದಲ್ಲ. 1510ರಲ್ಲಿ ಪೋರ್ಚುಗೀಸರು ಗೆಲ್ಲುವವರೆಗೆ ಗೋವಾ ಬಂದರು ಬಿಜಾಪುರದ ಆದಿಲ್‌ಶಾಹಿ ಅರಸರ ಕೈಯಲ್ಲಿ ಇತ್ತು. ಅರಬ್ ದೇಶದ ಕುದುರೆಗಳು ಹಾಯಿ ಹಡಗಿನಲ್ಲಿ ಅಲ್ಲಿಗೆ ಬರುತ್ತಿದ್ದವು. ಮಳೆಗಾಲದ ನಡುವೆ ಕಡಲು ಬಹಳ ಒರಟು. ಆಗ ಹಡಗುಗಳು ಕಡಲಿಗೆ ಇಳಿಯುತ್ತಿರಲಿಲ್ಲ. ಗಾಳಿಯ ಕಾಲ ನೋಡಿ ಬರುತ್ತಿದ್ದರು, ಗಾಳಿ ತಿರುಗಿದ ಮೇಲೆ ಹೋಗುತ್ತಿದ್ದರು.

ಕಡಲಿನಲ್ಲಿಯೂ ಸೆಳವು ಇದೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದಲ್ಲಿ ಸೆಳವು ದಕ್ಷಿಣಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. ಕಡಲ ಸೆಳವು ಹೆಚ್ಚಾಗಿ ಮೆಲ್ಲಗೆ ಇರುತ್ತದೆ. ಆದರೆ ಅದಕ್ಕೆ ಹಗಲು ರಾತ್ರಿ ಇಲ್ಲ. ಗಂಟೆಗೆ ಬರೀ 1 ಕಿ.ಮೀ. ಇದ್ದರೂ ದಿನಕ್ಕೆ 24 ಕಿ.ಮೀ. ಆಯಿತು! ಗಾಳಿ ಬಿದ್ದು ಹಾಯಿ ಜೋತು ನಿಂತರೂ ದೋಣಿ ಅಷ್ಟು ದೂರ ಸರಿದಿರುತ್ತದೆ. ಒಳಗೆ ಕುಳಿತವರಿಗೆ ಅದು ಗೊತ್ತೇ ಆಗುವುದಿಲ್ಲ.

ಹಿಂದಿನ ನಾವಿಕರು ವೇಗ ಅಳೆಯಲು ಹಗ್ಗಕ್ಕೆ ಗಂಟು ಹಾಕುತ್ತಿದ್ದರು. ಹಗ್ಗದ ತುದಿಗೆ ಒಂದು ಹಲಗೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುತ್ತಿದ್ದರು. ಕಡಲ ವೇಗಕ್ಕೆ ಇಂದಿಗೂ ‘ನಾಟ್’ ಎನ್ನುತ್ತಾರೆ. ನಾಟ್ ಎಂದರೆ ಗಂಟು. ಒಂದು ನಾಟ್ ಎಂದರೆ ಗಂಟೆಗೆ 1,852 ಮೀಟರು. ಈ ದೂರಕ್ಕೆ ಒಂದು ಕಡಲ ಮೈಲಿ ಎಂದು ಹೆಸರು.

ಆದರೆ ಆ ಹಗ್ಗ ಹೇಳುತ್ತಿದ್ದುದು ನೀರಿನ ಲೆಕ್ಕದ ವೇಗ ಮಾತ್ರ. ಸೆಳವು ಎತ್ತ ಒಯ್ಯಿತು ಎಂದು ಹೇಳುತ್ತಿರಲಿಲ್ಲ. ಅದರಿಂದ ಎಷ್ಟೋ ಹಡಗುಗಳು ದಾರಿ ತಪ್ಪಿದವು. ಈಗ ಉಪಗ್ರಹದ ನೆರವಿನಿಂದ ನೆಲದ ಲೆಕ್ಕದ ವೇಗವೂ ತಿಳಿಯುತ್ತದೆ.

ತೆರೆ ಎಂದರೇನು?

ತೆರೆ ಬೇರೆ, ಸೆಳವು ಬೇರೆ. ತೆನೆ ಬಂದ ಜೋಳದ ಹೊಲ ನೆನಪಿಗೆ ತಂದುಕೊಳ್ಳಿರಿ. ಗಾಳಿ ಬೀಸಿದಾಗ ತೆನೆಗಳು ಬಾಗಿ ಏಳುತ್ತವೆ. ಬದುವಿನಿಂದ ಬದುವಿಗೆ ತೆರೆ ಓಡಿದಂತೆ ಕಾಣುತ್ತದೆ. ಆದರೆ ಒಂದು ದಂಟೂ ತನ್ನ ಜಾಗ ಬಿಟ್ಟು ಹೋಗುವುದಿಲ್ಲ.

ನೀರಿನ ತೆರೆಯೂ ಹೆಚ್ಚುಕಡಿಮೆ ಹೀಗೇ. ಮನೆಯಲ್ಲಿಯೇ ನೋಡಬಹುದು. ದೊಡ್ಡ ಬುಟ್ಟಿಯಲ್ಲಿ ನೀರು ತುಂಬಿರಿ. ಜೋಳದ ದಂಟಿನ ಬೆಂಡನ್ನು ತೇಲಿಬಿಡಿರಿ. ಬೆರಳಿನಿಂದ ನೀರು ತಟ್ಟಿರಿ. ತೆರೆ ಅಂಚಿಗೆ ಓಡುತ್ತದೆ. ಬೆಂಡು ಮಾತ್ರ ಇದ್ದಲ್ಲಿಯೇ ಏರಿ ಇಳಿಯುತ್ತದೆ. ಅದೇ ಬೆಂಡನ್ನು ಹರಿಯುವ ಕಾಲುವೆಗೆ ಬಿಡಿರಿ. ಹರಿದು ಹೋಗಿಬಿಡುತ್ತದೆ. ಸೆಳವು ಒಯ್ಯುತ್ತದೆ, ತೆರೆ ಕುಣಿಸುತ್ತದೆ. ಇಷ್ಟೇ ವ್ಯತ್ಯಾಸ.

ತೆರೆ ದೊಡ್ಡದಾಗಲು ಮೂರು ಬೇಕು. ಗಾಳಿ ಜೋರಾಗಿರಬೇಕು. ಬಹಳ ಹೊತ್ತು ಬೀಸಬೇಕು. ನೀರಿನ ಬಯಲು ಉದ್ದ ಇರಬೇಕು. ಕೆರೆಯಲ್ಲಿ ಸಣ್ಣ ತೆರೆ, ಆಲಮಟ್ಟಿ ಹಿನ್ನೀರಿನಲ್ಲಿ ಅದಕ್ಕಿಂತ ದೊಡ್ಡ ತೆರೆ, ಕಡಲಿನಲ್ಲಿ ಇನ್ನೂ ದೊಡ್ಡ ತೆರೆ ಏಳುವುದು ಇದರಿಂದಲೇ.

ತೆರೆ ದೋಣಿಯ ವೇಗವನ್ನು ಹೇಗೆ ಬದಲಿಸುತ್ತದೆ?

ತೆರೆ ಎದುರಿನಿಂದ ಬಂದರೆ: ದೋಣಿ ಪ್ರತಿ ತೆರೆಯನ್ನೂ ಹತ್ತಬೇಕು. ಮೂತಿ ನೀರಿಗೆ ಬಡಿಯುತ್ತದೆ. ಬಡಿದಾಗಲೆಲ್ಲ ವೇಗ ಕಡಿಮೆ ಆಗುತ್ತದೆ. ಕಂಬವೂ ಹಾಯಿಯೂ ಹಿಂದೆ ಮುಂದೆ ತೂಗಾಡುತ್ತವೆ. ಹಾಯಿಯಲ್ಲಿ ಗಾಳಿ ಸರಿಯಾಗಿ ನಿಲ್ಲುವುದಿಲ್ಲ. ತಗ್ಗು ದಿಣ್ಣೆಯ ಹಾದಿಯಲ್ಲಿ ಚಕ್ಕಡಿ ಹೋದ ಹಾಗೆ.

ತೆರೆ ಮಗ್ಗುಲಿನಿಂದ ಬಂದರೆ: ದೋಣಿ ತೊಟ್ಟಿಲಿನಂತೆ ತೂಗುತ್ತದೆ. ತೆರೆ ಕಡಿದಾಗಿದ್ದರೆ ಮಗುಚುವ ಭಯ ಇದೆ.

ತೆರೆ ಹಿಂದಿನಿಂದ ಬಂದರೆ: ದೋಣಿ ತೆರೆಯ ಇಳಿಜಾರಿನಲ್ಲಿ ಜಾರುತ್ತದೆ. ವೇಗ ಒಮ್ಮೆಲೇ ಹೆಚ್ಚುತ್ತದೆ. ಇದು ಲಾಭ. ಆದರೆ ಇಲ್ಲಿಯೂ ಅಪಾಯ ಇದೆ. ಇಳಿಜಾರಿನಲ್ಲಿ ಚುಕ್ಕಾಣಿಯ ಹಿಡಿತ ತಪ್ಪಿದರೆ ದೋಣಿ ಗಕ್ಕನೆ ಅಡ್ಡ ತಿರುಗುತ್ತದೆ. ಆಗ ಮುಂದಿನ ತೆರೆ ಮಗ್ಗುಲಿಗೆ ಬಂದು ಹೊಡೆಯುತ್ತದೆ. ಅದಕ್ಕೆ ಜಾಣ ನಾವಿಕರು ಹಾಯಿ ಸಣ್ಣದು ಮಾಡಿ, ಬೇಕೆಂದೇ ವೇಗ ಇಳಿಸುತ್ತಾರೆ.

ಗಾಳಿ, ಸೆಳವು ಎದುರಾದರೆ

ಗಾಳಿಯೂ ಸೆಳವೂ ಒಂದೇ ಕಡೆ ಹೊರಟಿದ್ದರೆ ತೆರೆಗಳು ಉದ್ದಕ್ಕೆ ಹರಡಿ ತಗ್ಗುತ್ತವೆ. ಎದುರಾಬದರಾ ಆದರೆ ಸೆಳವು ತೆರೆಯನ್ನು ತಡೆಯುತ್ತದೆ. ತೆರೆಗಳು ಹತ್ತಿರ ಹತ್ತಿರ ಒತ್ತಿಕೊಳ್ಳುತ್ತವೆ. ಎತ್ತರವಾಗುತ್ತವೆ. ಗೋಡೆಯ ಹಾಗೆ ನೆಟ್ಟಗೆ ಎದ್ದು ಒಡೆಯುತ್ತವೆ. ನಮ್ಮ ಅಂಬಿಗ ಆ ಸಂಜೆ ಹೆದರಿದ್ದು ಇದಕ್ಕೇ.

ಕಾರವಾರದ ಹತ್ತಿರ ಕಾಳಿ ಹೊಳೆ, ಹೊನ್ನಾವರದ ಹತ್ತಿರ ಶರಾವತಿ ಹೊಳೆ ಕಡಲನ್ನು ಸೇರುತ್ತವೆ. ಇಂಥ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಕಡಲ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿಯುವಾಗ ಅಳಿವೆಯಲ್ಲಿ ನೀರು ಜೋರಾಗಿ ಕಡಲಿಗೆ ಹರಿಯುತ್ತದೆ. ಅದೇ ಹೊತ್ತಿಗೆ ಕಡಲ ಕಡೆಯಿಂದ ಗಾಳಿಯೂ ತೆರೆಯೂ ಬಂದರೆ ಅಳಿವೆ ದಾಟುವುದು ಬಹಳ ಕಷ್ಟ. ಮೀನುಗಾರರು ಹೊತ್ತು ನೋಡಿ ದಾಟುವುದು ಇದಕ್ಕಾಗಿ.

ಆಫ್ರಿಕಾದ ದಕ್ಷಿಣದಲ್ಲಿ ಅಗುಲಾಸ್ ಎನ್ನುವ ಬಲವಾದ ಕಡಲ ಸೆಳವು ಇದೆ. ಎದುರು ಗಾಳಿ ಬಂದರೆ ಅಲ್ಲಿ ದೊಡ್ಡ ಕಬ್ಬಿಣದ ಹಡಗುಗಳಿಗೂ ಹಾನಿ ಮಾಡುವ ತೆರೆಗಳು ಏಳುತ್ತವೆ.

ಲೋಕ ಸುತ್ತಿದ ಹೆಂಗಸರು

ಇದೆಲ್ಲ ಗಂಡಸರ ವಿದ್ಯೆ, ನಮಗೆ ಯಾಕೆ ಎಂದು ನಮ್ಮಲ್ಲಿ ಕೆಲವರು ಕೇಳಿದರು. ಅದಕ್ಕೆ ಉತ್ತರ ಇಲ್ಲಿದೆ.

2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಒಂದು ಹಾಯಿದೋಣಿ ಹೊರಟಿತು. ಹೆಸರು ‘ತಾರಿಣಿ’. ಉದ್ದ ಸುಮಾರು 17 ಮೀಟರು. ಗೋವಾದಲ್ಲಿಯೇ ಕಟ್ಟಿದ್ದು. ಅದರಲ್ಲಿ ಇದ್ದವರು ಭಾರತದ ನೌಕಾಪಡೆಯ ಆರು ಮಂದಿ ಹೆಂಗಸರು. ನಾಯಕಿ ವರ್ತಿಕಾ ಜೋಶಿ. ಜೊತೆಗೆ ಪ್ರತಿಭಾ ಜಾಮ್ವಾಲ್, ಪಿ. ಸ್ವಾತಿ, ಎಸ್. ವಿಜಯಾ ದೇವಿ, ಬಿ. ಐಶ್ವರ್ಯಾ ಮತ್ತು ಪಾಯಲ್ ಗುಪ್ತಾ. ಇಡೀ ಭೂಮಿಯನ್ನು ಸುತ್ತಿ 2018ರ ಮೇ 21ರಂದು ಅವರು ಗೋವಾಕ್ಕೆ ಮರಳಿದರು. 254 ದಿನ. 21,600 ಕಡಲ ಮೈಲಿ. ಅಂದರೆ ಸುಮಾರು 40,000 ಕಿ.ಮೀ.

ಅವರು ಯಾವ ದಿಕ್ಕಿಗೆ ಹೋದರು ಗೊತ್ತೇ? ಪಡುವಣದಿಂದ ಮೂಡಣಕ್ಕೆ. ಯಾಕೆ? ಭೂಮಿಯ ದಕ್ಷಿಣದ ತುದಿಯ ಕಡಲಿನಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಸೆಳವೂ ಮೂಡಣಕ್ಕೇ ಹರಿಯುತ್ತದೆ. ತೆರೆಯೂ ಹಿಂದಿನಿಂದ ಬರುತ್ತದೆ. ಮೂರೂ ಬೆನ್ನಿಗೆ ಇರುವ ದಾರಿ ಅದು. ಅಂಬಿಗನ ಲೆಕ್ಕವೇ ಇದು. ಅವನದು ಒಂದು ಹೊಳೆಗೆ, ಇವರದು ಇಡೀ ಲೋಕಕ್ಕೆ.

ಬೆನ್ನಿಗೆ ಗಾಳಿ ಇದ್ದರೂ ದಾರಿ ಸುಲಭ ಆಗಿರಲಿಲ್ಲ. ಆ ಕಡಲಿನಲ್ಲಿ ಗಾಳಿಯನ್ನೂ ತೆರೆಯನ್ನೂ ತಡೆಯಲು ಹೆಚ್ಚು ನೆಲ ಇಲ್ಲ. ಗಾಳಿ 60 ನಾಟ್, ಅಂದರೆ ಗಂಟೆಗೆ ಸುಮಾರು 110 ಕಿ.ಮೀ. ಮುಟ್ಟಿತ್ತು. ತೆರೆಗಳು ಮಾಳಿಗೆ ಮನೆಯಷ್ಟು ಎತ್ತರ. ಕೊನೆಗೆ ಚುಕ್ಕಾಣಿಯ ಭಾಗ ಕೆಟ್ಟು ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಅಲ್ಲಿ ಸರಿಮಾಡಿಸಿಕೊಂಡು ಊರಿಗೆ ಬಂದರು.

ಮತ್ತೆ 2024ರ ಅಕ್ಟೋಬರ್ 2ರಂದು ಅದೇ ತಾರಿಣಿ ಹೊರಟಿತು. ಈ ಸಲ ಇಬ್ಬರೇ ಹೆಂಗಸರು. ದಿಲ್ನಾ ಕೆ. ಮತ್ತು ರೂಪಾ ಎ. ಅವರು 25,000ಕ್ಕೂ ಹೆಚ್ಚು ಕಡಲ ಮೈಲಿ ಸಾಗಿ 2025ರ ಮೇ 29ರಂದು ಗೋವಾಕ್ಕೆ ಮರಳಿದರು.

ನಮಗೆ ಇದರಿಂದ ಏನು?

ನಾವು ಕಡಲಿಗೆ ಹೋಗದೆ ಇರಬಹುದು. ಹೊಳೆ ದಾಟುವ ಕೆಲಸ ಮಾತ್ರ ಬಂದೀತು. ಆಗ ಇವನ್ನು ನೆನಪಿಡೋಣ.

ಸೆಳವು ನೋಡಿ ದೋಣಿ ಹತ್ತೋಣ. ಒಂದು ಕಡ್ಡಿ ನೀರಿಗೆ ಎಸೆದರೆ ಸೆಳವು ಎಷ್ಟು ಎಂದು ತಿಳಿಯುತ್ತದೆ.
ಗಾಳಿ ಎತ್ತ, ನೀರು ಎತ್ತ ಎಂದು ನೋಡೋಣ. ಎದುರಾಬದರಾ ಇದ್ದರೆ ಕಾಯೋಣ.
ದೋಣಿಯಲ್ಲಿ ಹೆಚ್ಚು ಮಂದಿ ಹತ್ತಬಾರದು. ನಡುಹೊಳೆಯಲ್ಲಿ ಎದ್ದು ನಿಲ್ಲಬಾರದು.
ಲೈಫ್ ಜಾಕೆಟ್ ಎನ್ನುವ ತೇಲುವ ಅಂಗಿ ಇದ್ದರೆ ತೊಡೋಣ. ಇಲ್ಲದಿದ್ದರೆ ಕೇಳೋಣ.
ಅಂಬಿಗ ಬೇಡ ಎಂದರೆ ಒತ್ತಾಯ ಮಾಡಬಾರದು. ಅಂಬಿಗ ಹೋಗೋಣ ಎಂದರೂ ನಮಗೆ ಸರಿ ಕಾಣದಿದ್ದರೆ ಬೇಡ ಎನ್ನೋಣ.

ಆ ರಾತ್ರಿ ಅತ್ತ ತಾಯಿ ಮರುದಿನ ಮನೆಗೆ ಬಂದು ಕೂಸನ್ನು ಎತ್ತಿಕೊಂಡಳು. ಕೂಸು ಹಸಿದಿತ್ತು, ಆದರೆ ತಾಯಿ ಜೀವಂತ ಬಂದಿದ್ದಳು. “ಒಂದು ರಾತ್ರಿ ತಡ ಆದರ ಏನಾತು? ನಾ ಬಂದೆನಲ್ಲ” ಎಂದಳು. ಈಗ ಆಕೆ ನಮ್ಮ ಜೊತೆ ಕುಳಿತು ಈ ಲೆಕ್ಕ ಬಿಡಿಸುತ್ತಾಳೆ.

ನೀವೂ ಬಿಡಿಸಿರಿ

1. ನಿಂತ ನೀರಿನಲ್ಲಿ ದೋಣಿ ಗಂಟೆಗೆ 5 ಕಿ.ಮೀ. ಹೋಗುತ್ತದೆ. ಸೆಳವು ಗಂಟೆಗೆ 3 ಕಿ.ಮೀ. ಸೆಳವಿನ ಜೊತೆ ಹೋದರೆ ಗಂಟೆಗೆ ಎಷ್ಟು ದೂರ? ಎದುರು ಹೋದರೆ ಎಷ್ಟು?
2. ಸೆಳವಿಗೂ ತೆರೆಗೂ ಏನು ವ್ಯತ್ಯಾಸ? ಬೆಂಡನ್ನು ತೇಲಿಬಿಟ್ಟು ಮನೆಯ ಮಕ್ಕಳಿಗೆ ತೋರಿಸಿರಿ.
3. ತಾರಿಣಿ ಮೂಡಣ ದಿಕ್ಕಿಗೇ ಯಾಕೆ ಹೋಯಿತು?